‘ನೋ’ ಆದ ಮೇಲೆ ಒಂದು ಕಾಮಾ ಬಿಟ್ಟೆ, ಕಂಟೇನರಿಗೆ ಸೀಲ್ ಬಿತ್ತು

ಬೀಜದ ಬುಟ್ಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬಸ್ಸಲ್ಲಿ ನಿಂತುಕೊಂಡು ಟೈಪ್ ಮಾಡುವುದು, ಕೀಬೋರ್ಡ್ ಬದಲಾಯಿಸ್ತಾ ಕೂರಲು ಆಗುವುದಿಲ್ಲ.

ನಾನು ಬೈಕಂಪಾಡಿಯ ಒಂದು ಗೇರುಬೀಜ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕೆಲಸ ನೋಡುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಹೊರದೇಶದ ಪಾರ್ಟಿಗಳಿಗೆ ಮೇಲ್, ಎಲ್ಲ ನನ್ನ ತಲೆಗೆ. ಹತ್ತನೇ ಕ್ಲಾಸಿನವರೆಗೆ ಕಾರ್ಕಳದ ಹತ್ತಿರದ ಕನ್ನಡ ಶಾಲೆಯಲ್ಲಿ ಓದಿದ್ದು. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಸ್ಪೆಲ್ಲಿಂಗೂ ಪರವಾಗಿಲ್ಲ. ಈ ಕಾಮಾ, ಫುಲ್‌ಸ್ಟಾಪ್ ಮಾತ್ರ ಅಂದಾಜಿನ ಮೇಲೆ ಹಾಕುವುದು. ಸಾರಿಗೆ ಉಪ್ಪು ಹಾಕಿದ ಹಾಗೆ.

ಹೋದ ಮಳೆಗಾಲದಲ್ಲಿ ಆದದ್ದು ಹೇಳುತ್ತೇನೆ. ಡಬ್ಲ್ಯೂ 320 ದರ್ಜೆಯ ಗೇರುಬೀಜ, ಒಂದು ಇಪ್ಪತ್ತು ಅಡಿ ಕಂಟೇನರ್. ಪೆಟ್ಟಿಗೆಗೆ 50 ಪೌಂಡ್, ಅಂದರೆ 22.68 ಕೆಜಿ. ಒಟ್ಟು 700 ಪೆಟ್ಟಿಗೆ ಹೋಗಬೇಕು. ಲೋಡಿಂಗ್ ಆಗುವಾಗ ಗೋಡೌನಿನ ಸೂಪರ್‌ವೈಸರ್ ಫೋನ್ ಮಾಡಿ, ‘ಅಕ್ಕಾ, 696 ಉಂಟು, ನಾಲ್ಕು ಕಮ್ಮಿ’ ಎಂದರು. ಅದೇ ಹೊತ್ತಿಗೆ ಕ್ಲಿಯರಿಂಗ್ ಏಜೆಂಟ್ (ನಮ್ಮ ಪರವಾಗಿ ಕಸ್ಟಮ್ಸ್ ಕೆಲಸ ಮಾಡುವವರು) ಮೇಲ್ ಹಾಕಿದ್ದರು, ‘ಈಸ್ ದ ಕೌಂಟ್ ಓಕೆ?’ ನಾನು ಗಡಿಬಿಡಿಯಲ್ಲಿ ಬರೆದದ್ದು ಇಷ್ಟು:

‘ನೋ ಶಾರ್ಟೇಜ್ ಫೌಂಡ್ ವಿಲ್ ಕನ್‌ಫರ್ಮ್ ಸೂನ್’

ನನ್ನ ಮನಸ್ಸಿನಲ್ಲಿದ್ದದ್ದು ‘ಇಲ್ಲ, ಕಮ್ಮಿ ಬಂದಿದೆ’. ಅವರು ಓದಿದ್ದು ‘ಏನೂ ಕಮ್ಮಿ ಇಲ್ಲ’. ಸೀಲ್ ಹಾಕಿಬಿಟ್ಟರು. ಆಮೇಲೆ ಸೀಲ್ ಒಡೆದು, ನಾಲ್ಕು ಪೆಟ್ಟಿಗೆ ತಂದು ಸೇರಿಸಿ, ಹೊಸ ಸೀಲ್ ನಂಬರ್ ಎಲ್ಲ ಕಾಗದಕ್ಕೂ ತಿದ್ದಿ, ಒಂದಿಡೀ ದಿನ ಹೋಯಿತು. ಪುಣ್ಯಕ್ಕೆ ಹಡಗು ತಪ್ಪಲಿಲ್ಲ. ಧಣಿಗಳು ಬೈಯಲಿಲ್ಲ. ಆ ಮೇಲನ್ನು ಪ್ರಿಂಟ್ ತೆಗೆದು, ‘ನೋ’ ಆದ ಮೇಲೆ ಕೆಂಪು ಪೆನ್ನಲ್ಲಿ ಒಂದು ಕಾಮಾ ಹಾಕಿ ನನ್ನ ಮೇಜಿನ ಮೇಲೆ ಇಟ್ಟು ಹೋದರು. ಬೈದಿದ್ದರೇ ಒಳ್ಳೆಯದಿತ್ತು.

ಅಂದಿನಿಂದ ಹೆದರಿಕೆಗೆ ಎಲ್ಲ ಕಡೆ ಕಾಮಾ ಹಾಕುತ್ತಿದ್ದೇನೆ. ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟದ್ದು ಒಂದೇ, ಓದುವಾಗ ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ. ನಾನು ನಡೆದುಕೊಂಡು ಬಂದು ಬರೆದರೆ ಜಾಸ್ತಿ ಕಾಮಾ, ಬಸ್ಸಲ್ಲಿ ಕೂತು ಬರೆದರೆ ಕಮ್ಮಿ ಕಾಮಾ, ಹಾಗೆ ಆಗಿದೆ ಈಗ.

700 ಪೆಟ್ಟಿಗೆಯ ಒಂದು ಲೋಡಿನಲ್ಲಿ ಕೆಲವು ಹಾಳಾಗಿವೆ ಎಂದು ಪಾರ್ಟಿಯ ಸರ್ವೇಯರ್ (ಸರಕು ಪರೀಕ್ಷಿಸುವವರು) ಬರೆದದ್ದಕ್ಕೆ ನಾಳೆ ಕಳಿಸಬೇಕಾದ ಮೇಲ್ ಇದು. ಎಲ್ಲಿ ತಪ್ಪಿದೆ ಹೇಳಿ:

‘ಡಿಯರ್ ಸರ್ ವಿ ಹ್ಯಾವ್ ರಿಸೀವ್ಡ್ ಯುವರ್ ಮೇಲ್, ದ ಸರ್ವೇ ರಿಪೋರ್ಟ್ ಈಸ್ ಕ್ಲಿಯರ್, ದ ಕಾರ್ಟನ್ಸ್, ವಿಚ್ ಆರ್ ಡ್ಯಾಮೇಜ್ಡ್, ವಿಲ್ ಬಿ ರಿಪ್ಲೇಸ್ಡ್, ಪ್ಲೀಸ್ ಲೆಟ್ ಅಸ್ ನೋ ವೆನ್ ಯುವರ್ ಸರ್ವೇಯರ್ ವಿಲ್ ಕಮ್ ಅಗೇನ್?’

ಮತ್ತೆ, ‘ಇಟ್ಸ್’ ಎಂಬುದಕ್ಕೆ ಯಾವಾಗ ಮೇಲೆ ಕೊಂಬು (ಅಪಾಸ್ಟ್ರಫಿ) ಬರುತ್ತದೆ, ಯಾವಾಗ ಇಲ್ಲ? ಕಾಮಾ ಎಲ್ಲಿ ಬಿತ್ತು ಎಂಬುದರ ಮೇಲೆ ಒಬ್ಬನ ಜೀವ ನಿಂತ ಆ ಗಲ್ಲು ಶಿಕ್ಷೆಯ ಕಥೆ ದಯವಿಟ್ಟು ಯಾರೂ ಹೇಳಬೇಡಿ. ಆಫೀಸಲ್ಲಿ ಆರು ಜನ ಹೇಳಿ ಆಯ್ತು.

ಸುರತ್ಕಲ್ ಎಕ್ಸ್‌ಪ್ರೆಸ್

ಇದಕ್ಕೆಲ್ಲ ಈಗ ತಲೆ ಕೆಡಿಸಿಕೊಳ್ಳುವವರು ಯಾರು ಅಕ್ಕ? ಗ್ರಾಮರ್ ನೋಡುವ ಆ್ಯಪ್ ಉಂಟು. ಪೇಸ್ಟ್ ಮಾಡಿ, ಅದೇ ಕಾಮಾ ಹಾಕಿ ಕೊಡುತ್ತದೆ.

ಬೀಜದ ಬುಟ್ಟಿ

ಅದನ್ನೂ ಮಾಡಿ ನೋಡಿದೆ ತಮ್ಮಾ. ‘ನೋ ಶಾರ್ಟೇಜ್ ಫೌಂಡ್’ ಹಾಕಿದೆ. ಒಂದು ತಪ್ಪೂ ಇಲ್ಲ ಎಂದಿತು. ಅದರ ತಪ್ಪೂ ಅಲ್ಲ. ಆ ವಾಕ್ಯ ಸರಿಯೇ ಇದೆ, ನಾನು ಹೇಳಬೇಕಾದದ್ದರ ಉಲ್ಟಾ ಅರ್ಥದಲ್ಲಿ. ಗೋಡೌನಿನಲ್ಲಿ 696 ಇರುವುದು ಆ್ಯಪಿಗೆ ಗೊತ್ತಿಲ್ಲವಲ್ಲ.

ಹಳೇ ಮೊಳೆ

ತಂಗೀ, ಮೊದಲು ಒಂದು ಮಾತು. ಆ ಮೇಲ್ ಇನ್ನೂ ಹೋಗಿಲ್ಲ ತಾನೆ? ಹೋಗಿಲ್ಲದಿದ್ದರೆ ತಡೆಯಿರಿ. ಅದರಲ್ಲಿ ನೀವು 700 ಪೆಟ್ಟಿಗೆಯನ್ನೂ ಬದಲಾಯಿಸಿ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದೀರಿ. ಹೇಗೆ ಎಂದು ಆಮೇಲೆ ಹೇಳುತ್ತೇನೆ.

ನಾನು ಉಡುಪಿಯಲ್ಲಿ ಪ್ರೆಸ್ಸಿನಲ್ಲಿದ್ದವ. ಶುರುವಿಗೆ ಕೈಯಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ, ಕಣ್ಣು ಮಂಜಾಗುವ ಹೊತ್ತಿಗೆ ಕರಡು ತಿದ್ದುವ ಕೆಲಸ. ಎಂಥ ವಿಚಿತ್ರ ನೋಡಿ, ಕಣ್ಣು ಹೋದ ಮೇಲೆ ಪ್ರೂಫ್ ನೋಡಲು ಕೂರಿಸುವುದು! ಮದುವೆ ಕಾಗದದಿಂದ ಹಿಡಿದು ಇಂಗ್ಲಿಷ್ ಕಾಲೇಜು ಮ್ಯಾಗಜೀನಿನವರೆಗೆ ತಿದ್ದಿದ್ದೇನೆ. ನಾನೂ ಕನ್ನಡ ಶಾಲೆಯವನೇ. ಆದ್ದರಿಂದ ನೀವು ಎಲ್ಲಿ ಎಡವುತ್ತೀರಿ ಎಂದು ನನಗೆ ಗೊತ್ತು. ನಾನೂ ಅಲ್ಲೇ ಬಿದ್ದು ಎದ್ದವ.

ನಿಮ್ಮ ಟೀಚರ್ ಹೇಳಿದ ಉಸಿರಿನ ಮಾತು ಸುಳ್ಳಲ್ಲ, ತುಂಬ ಹಳೆಯದು ಅಷ್ಟೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದ ಲೈಬ್ರರಿಯಲ್ಲಿ ಅರಿಸ್ಟೋಫನೀಸ್ ಎಂಬ ಗ್ರೀಕ್ ಪಂಡಿತ ಇದ್ದ. ಗಟ್ಟಿಯಾಗಿ ಓದುವವರಿಗೆ ಎಲ್ಲಿ ಎಷ್ಟು ನಿಲ್ಲಬೇಕೆಂದು ತೋರಿಸಲು ಸಾಲಿನ ಮೇಲೆ, ನಡುವೆ, ಕೆಳಗೆ ಚುಕ್ಕಿ ಇಡುವ ಕ್ರಮ ಮಾಡಿದ. ಕಾಮಾ, ಕೋಲನ್ ಎಂಬ ಹೆಸರುಗಳ ಬೇರು ಅಲ್ಲಿಯದು. ಆದರೆ ಈಗ ನಿಮ್ಮ ಮೇಲನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಕಾಮಾ ಕೂರುವುದು ಹೆಚ್ಚಾಗಿ ವಾಕ್ಯದ ಕಟ್ಟು ನೋಡಿ, ಉಸಿರು ನೋಡಿ ಅಲ್ಲ.

ಈಗ ನಮ್ಮವರ ದೊಡ್ಡ ತಪ್ಪಿಗೆ ಬರುತ್ತೇನೆ. ಈ ಕನ್ನಡ ವಾಕ್ಯ ನೋಡಿ:

‘ಪೇಟೆಗೆ ಹೋಗಿ, ಬಂಗುಡೆ ತಂದು, ಸಾರು ಮಾಡಿ, ಊಟಕ್ಕೆ ಕೂತೆವು.’

ಮೂರು ಕಾಮಾ ಉಂಟು, ಮೂರೂ ಸರಿ. ಯಾಕೆ? ‘ಹೋಗಿ’, ‘ತಂದು’, ‘ಮಾಡಿ’ ಇವು ಅರ್ಧ ಕ್ರಿಯಾಪದಗಳು. ‘ಹೋಗಿ’ ಎಂದರೆ ಕೇಳುವವ ‘ಹೋಗಿ ಎಂತ ಮಾಡಿದ್ದು?’ ಎಂದು ಕಾಯುತ್ತಾನೆ. ಮಾತು ಮುಗಿಯುವುದು ‘ಕೂತೆವು’ ಎಂಬಲ್ಲಿ ಮಾತ್ರ. ನಮ್ಮ ಕೈಗೆ ಈ ಸರಪಳಿಯ ಅಭ್ಯಾಸ. ಇಂಗ್ಲಿಷಿನಲ್ಲಿ ನೀವು ‘ವಿ ಹ್ಯಾವ್ ರಿಸೀವ್ಡ್ ಯುವರ್ ಮೇಲ್’ ಎಂದರೆ ಅದು ಮುಗಿದ ಮಾತು. ಅಲ್ಲಿ ಕರ್ತೃ ಉಂಟು, ಪೂರ್ತಿ ಕ್ರಿಯಾಪದ ಉಂಟು. ಮುಗಿದ ಎರಡು ಮಾತುಗಳನ್ನು ಬರೀ ಕಾಮಾದಿಂದ ಕಟ್ಟಿದರೆ ಕಟ್ಟು ನಿಲ್ಲುವುದಿಲ್ಲ. ದೋಣಿಗೆ ಹಗ್ಗದ ಬದಲು ಹೊಲಿಗೆ ದಾರ ಕಟ್ಟಿದ ಹಾಗೆ. ಒಂದೋ ಫುಲ್‌ಸ್ಟಾಪ್ ಹಾಕಿ, ಇಲ್ಲವೇ ಕಾಮಾದ ಜೊತೆ ‘ಆ್ಯಂಡ್’, ‘ಬಟ್’, ‘ಸೋ’ ಇಂಥದ್ದೊಂದು ಹಾಕಿ. ನಿಮ್ಮ ಮೇಲಿನಲ್ಲಿ ನಾಲ್ಕು ಪೂರ್ತಿ ವಾಕ್ಯ ಉಂಟು, ಫುಲ್‌ಸ್ಟಾಪ್ ಒಂದೂ ಇಲ್ಲ.

ನಿಮಗೆ ಬೇಕಾದ ಪರೀಕ್ಷೆ ಇಷ್ಟೆ. ಕಾಮಾದ ಎಡಗಡೆಯದನ್ನು ಬೆರಳಲ್ಲಿ ಮುಚ್ಚಿ. ಬಲಗಡೆಯದು ಒಂದೇ ನಿಲ್ಲುತ್ತದಾ? ಈಗ ಬಲಗಡೆ ಮುಚ್ಚಿ. ಎಡಗಡೆಯದು ನಿಲ್ಲುತ್ತದಾ? ಎರಡೂ ನಿಂತರೆ, ನಡುವೆ ಕೂಡಿಸುವ ಪದವೂ ಇಲ್ಲದಿದ್ದರೆ, ಅಲ್ಲಿ ಕಾಮಾ ಸಾಲದು.

ಇನ್ನು 700 ಪೆಟ್ಟಿಗೆಯ ವಿಷಯ. ‘ದ ಕಾರ್ಟನ್ಸ್, ವಿಚ್ ಆರ್ ಡ್ಯಾಮೇಜ್ಡ್, ವಿಲ್ ಬಿ ರಿಪ್ಲೇಸ್ಡ್.’ ಎರಡು ಕಾಮಾದ ನಡುವೆ ಸಿಕ್ಕಿದ ಮಾತು ಇಂಗ್ಲಿಷಿನಲ್ಲಿ ಬದಿ ಮಾತು. ಅದನ್ನು ಎತ್ತಿ ಬಿಸಾಡಿದರೂ ವಾಕ್ಯ ನಿಲ್ಲಬೇಕು. ಬಿಸಾಡಿ ನೋಡಿ: ‘ಪೆಟ್ಟಿಗೆಗಳನ್ನು ಬದಲಾಯಿಸಲಾಗುವುದು.’ ಯಾವ ಪೆಟ್ಟಿಗೆ? ಎಲ್ಲವೂ! ಅಂದ ಹಾಗೆ, ಎಲ್ಲವೂ ಹಾಳಾಗಿವೆ ಎಂದು ನೀವೇ ಒಪ್ಪಿಕೊಂಡ ಹಾಗೂ ಆಯಿತು. ಆ ಎರಡು ಕಾಮಾ ತೆಗೆದುಬಿಟ್ಟರೆ ಹಾಳಾದವನ್ನು ಮಾತ್ರ ಎಂದಾಗುತ್ತದೆ. ‘ವಿಚ್’ ಬದಲು ‘ದಟ್’ ಹಾಕಿದರೆ ಇನ್ನೂ ಗಟ್ಟಿ.

ನಮಗೆ ಇದು ಹೊಳೆಯದೇ ಇರುವುದಕ್ಕೂ ಕಾರಣ ಉಂಟು. ಕನ್ನಡದಲ್ಲಿ ನಾವು ‘ಹಾಳಾದ ಪೆಟ್ಟಿಗೆಗಳು’ ಎನ್ನುತ್ತೇವೆ. ವಿಶೇಷಣ ಹೆಸರಿನ ಮುಂದೆಯೇ ಬಂದು ಕೂರುತ್ತದೆ, ನಡುವೆ ಕಾಮಾಕ್ಕೆ ಜಾಗವೇ ಇಲ್ಲ. ‘ಮುಂಬೈಯಲ್ಲಿರುವ ನನ್ನ ಅಣ್ಣ’ ಎಂದರೆ ನನಗೆ ಒಬ್ಬನೇ ಅಣ್ಣನೋ, ಮೂವರಲ್ಲಿ ಮುಂಬೈಯವನೋ, ಕನ್ನಡ ಹೇಳುವುದಿಲ್ಲ. ಊರಿನವರಿಗೆ ಹೇಗೂ ಗೊತ್ತಿರುತ್ತದೆ! ಇಂಗ್ಲಿಷಿನಲ್ಲಿ ಕಾಮಾ ಇದ್ದರೆ ಒಬ್ಬನೇ, ಇಲ್ಲದಿದ್ದರೆ ಹಲವರಲ್ಲಿ ಒಬ್ಬ.

ಕೊನೆಯ ಪ್ರಶ್ನೆ ಚಿಹ್ನೆ ತೆಗೆಯಿರಿ. ‘ಯಾವಾಗ ಬರ್ತಾರೆ ಅಂತ ತಿಳಿಸಿ’ ಎಂದು ಕನ್ನಡದಲ್ಲಿ ಬರೆದರೆ ನೀವು ಪ್ರಶ್ನೆ ಚಿಹ್ನೆ ಹಾಕುತ್ತೀರಾ? ಇಲ್ಲ ಅಲ್ವಾ. ನಮ್ಮ ‘ಅಂತ’ ಪ್ರಶ್ನೆಯನ್ನು ನುಂಗಿಬಿಡುತ್ತದೆ. ಅಲ್ಲಿಯೂ ಹಾಗೇ, ‘ಲೆಟ್ ಅಸ್ ನೋ’ ನುಂಗುತ್ತದೆ. ‘ವೆನ್’ ಕಂಡ ಕೂಡಲೇ ಕೈ ಓಡಬಾರದು.

‘ಇಟ್ಸ್’ ಕಥೆ ಸಣ್ಣದು. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ಅರ್ಥ ಬಂದರೆ ಕೊಂಬು ಹಾಕಿ, ಬಾರದಿದ್ದರೆ ಬೇಡ. ‘ಅದರ’ ಎಂಬ ಅರ್ಥಕ್ಕೆ ಕೊಂಬಿಲ್ಲ. ‘ಹಿಸ್’, ‘ಯುವರ್ಸ್’ ಇವಕ್ಕೆ ಇಲ್ಲವಲ್ಲ, ಹಾಗೆಯೇ. ಬಹುವಚನಕ್ಕೂ ಕೊಂಬು ಬೇಡ. ‘ಕಾರ್ಟನ್’ಸ್’ ಎಂದು ಬರೆದರೆ ಪೆಟ್ಟಿಗೆಗಳು ಎಂದಾಗುವುದಿಲ್ಲ, ಒಂದು ಪೆಟ್ಟಿಗೆಗೆ ಸೇರಿದ್ದು ಎಂದಾಗುತ್ತದೆ. ಬೋರ್ಡ್ ಬರೆಯುವವರು ಈ ಒಂದು ಕೊಂಬನ್ನು ಪುಕ್ಕಟೆ ಹಂಚುತ್ತಾರೆ. ಮಂಗಳೂರಿನಿಂದ ಉಡುಪಿಗೆ ಬಸ್ಸಿನ ಕಿಟಕಿ ಸೀಟಲ್ಲಿ ಕೂತರೆ ನನಗೆ ಅದೇ ಕೆಲಸ, ತಪ್ಪು ಎಣಿಸುವುದು.

ಸೆಮಿಕೋಲನ್ (;) ಕೇಳಬೇಡಿ. ನೀವು ಇನ್ನೂ ಒಂದು ವರ್ಷ ಅದನ್ನು ಮುಟ್ಟುವ ಅಗತ್ಯ ಇಲ್ಲ. ಅದಿಲ್ಲದೆ ಯಾವ ಕಂಟೇನರೂ ನಿಂತಿಲ್ಲ.

ಹೇಳದೆ ಇರಲು ಆಗುವುದಿಲ್ಲ, ಒಂದು ಹಳೇ ಸುದ್ದಿ. ಕೈಜೋಡಣೆಯಲ್ಲಿ ಉದ್ಧರಣ ಚಿಹ್ನೆ ಶುರು ಮಾಡಲು ನಾವು ಕಾಮಾದ ಮೊಳೆಯನ್ನೇ ತಲೆಕೆಳಗು ಮಾಡಿ ಕೂರಿಸುತ್ತಿದ್ದೆವು. ‘ಇನ್‌ವರ್ಟೆಡ್ ಕಾಮಾ’ ಎಂಬ ಹೆಸರು ಸುಮ್ನೆ ಬಂದದ್ದಲ್ಲ. ಮಾತುಕತೆ ಜಾಸ್ತಿ ಇರುವ ಕಥೆ ಬಂದರೆ ಕಾಮಾದ ಖಾನೆ ಮಧ್ಯಾಹ್ನದೊಳಗೆ ಖಾಲಿ. ಆಗ ಹಿಂದಿನ ಪುಟ ಬಿಚ್ಚಿ ಮೊಳೆ ತರಬೇಕು. ಕಾಮಾಕ್ಕೆ ಅಷ್ಟು ಬರಗಾಲ ಕಂಡವನಿಗೆ ನಿಮ್ಮ ಮೇಲಿನ ಐದು ಕಾಮಾ ನೋಡಿ ಹೊಟ್ಟೆ ಉರಿಯಿತು.

ಕೋರ್ಟ್ ಗುಡ್ಡೆ

ಹಳೇ ಮೊಳೆಯವರೇ, ಚೆನ್ನಾಗಿ ಹೇಳಿದಿರಿ. ನಾನು ವಕೀಲರ ಆಫೀಸಲ್ಲಿ ಡ್ರಾಫ್ಟಿಂಗ್ ಮಾಡುವವ. ಈ ಅಕ್ಕನ ಕೆಲಸಕ್ಕೆ ಹೊಂದುವ ಒಂದು ನಿಜ ಕೇಸ್ ಉಂಟು, ಗಲ್ಲಿನ ಕಥೆ ಅಲ್ಲ.

ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಸಂಬಳದ ಕಾನೂನು. ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂದು ಪಟ್ಟಿ ಇತ್ತು. ಡಬ್ಬಿ ತುಂಬುವುದು, ಒಣಗಿಸುವುದು, ದಾಸ್ತಾನು ಎಲ್ಲ ಬಂದು, ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಶನ್ ಆಫ್’ ಎಂದಿತ್ತು. ‘ಶಿಪ್‌ಮೆಂಟ್’ ಆದ ಮೇಲೆ ಕಾಮಾ ಇಲ್ಲ. ಹಾಲಿನ ಕಂಪನಿಯ ಲಾರಿ ಡ್ರೈವರುಗಳು ವಾದ ಮಾಡಿದರು. ಇದು ಪ್ಯಾಕಿಂಗ್ ಎಂಬ ಒಂದೇ ಕೆಲಸ, ಸಾಗಣೆಗಾಗಿಯೋ ಹಂಚಿಕೆಗಾಗಿಯೋ ಪ್ಯಾಕ್ ಮಾಡುವುದು. ನಾವು ಪ್ಯಾಕ್ ಮಾಡುವವರಲ್ಲ, ಹಂಚುವವರು, ನಮಗೆ ಓವರ್‌ಟೈಮ್ ಕೊಡಿ ಎಂದರು. ಕಂಪನಿ ಹಂಚಿಕೆ ಬೇರೆ ಕೆಲಸ, ಅದೂ ಪಟ್ಟಿಯಲ್ಲಿದೆ ಎಂದಿತು. 2017ರಲ್ಲಿ ಮೇಲ್ಮನವಿ ಕೋರ್ಟ್ ಡ್ರೈವರುಗಳ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿ ಆಯಿತು. ಆ ತೀರ್ಪು ಬಂದ ಮೇಲೆ ಅಲ್ಲಿನ ಶಾಸನಸಭೆ ಆ ಪಟ್ಟಿಯನ್ನು ತಿದ್ದಿ ಬರೆಯಿತು. ಹೇಗೆ ಗೊತ್ತುಂಟಾ? ಕಾಮಾ ತೆಗೆದು ಎಲ್ಲ ಕಡೆ ಸೆಮಿಕೋಲನ್ ಹಾಕಿ. ಹಾಗಾಗಿ ಸೆಮಿಕೋಲನ್ ಮುಟ್ಟಬೇಡಿ ಎಂಬ ಮಾತಿಗೆ ನನ್ನ ಸಣ್ಣ ತಕರಾರು. ಪಟ್ಟಿಯ ಒಂದೊಂದು ಐಟಂ ಒಳಗೇ ಕಾಮಾ ಬಂದರೆ, ಐಟಂಗಳ ನಡುವೆ ಅದು ಬೇಕೇ ಬೇಕು. ಪ್ಯಾಕಿಂಗ್ ಲಿಸ್ಟ್ ಮಾಡುವವರಿಗೆ ಇದು ದಿನಾ ಸಿಗುತ್ತದೆ.

ಪಟ್ಟಿಯ ಕೊನೆಯ ‘ಆ್ಯಂಡ್’ಗಿಂತ ಮೊದಲು ಬರುವ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಎನ್ನುತ್ತಾರೆ. ಹಾಕುವವರೂ ಸರಿ, ಬಿಡುವವರೂ ಸರಿ. ಒಂದು ಮೇಲಿನಲ್ಲಿ ಹಾಕಿ ಇನ್ನೊಂದರಲ್ಲಿ ಬಿಡಬಾರದು ಅಷ್ಟೆ. ನಾನು ಹಾಕುತ್ತೇನೆ.

ಹಳೇ ಮೊಳೆ

ಒಪ್ಪಿದೆ ವಕೀಲರೇ. ಪಟ್ಟಿಗೆ ಸೆಮಿಕೋಲನ್ ಇರಲಿ.

ಲೆಕ್ಕದವ

ಅಕ್ಷರದ ಕಾಮಾ ಆಯಿತು, ಅಂಕಿಯ ಕಾಮಾ ಯಾರೂ ಹೇಳಲಿಲ್ಲ. ನನಗೆ ಅದರಲ್ಲೇ ಪೆಟ್ಟು ಬಿದ್ದದ್ದು.

ನಿಮ್ಮ 700 ಪೆಟ್ಟಿಗೆಯ ತೂಕ 15,876 ಕೆಜಿ. ಇದನ್ನು ಜರ್ಮನಿಯ ಪಾರ್ಟಿ ಅವರ ಊರಿನ ಕ್ರಮದಲ್ಲಿ ಓದಿದರೆ ಹದಿನೈದು ಕೆಜಿ ಚಿಲ್ಲರೆ! ಅಲ್ಲಿ ಕಾಮಾ ಎಂದರೆ ದಶಮಾಂಶ, ಚುಕ್ಕಿ ಎಂದರೆ ಸಾವಿರದ ಗುರುತು. ನಮ್ಮದಕ್ಕೆ ಪೂರಾ ಉಲ್ಟಾ. ಕಂಟೇನರ್ ತೂಕಕ್ಕೆ ಯಾರೂ ಮೋಸ ಹೋಗಲಿಕ್ಕಿಲ್ಲ, ಆದರೆ ರೇಟಿನ ಕಾಲಂನಲ್ಲಿ ಹೋಗಬಹುದು. ಮತ್ತೆ ನಮ್ಮ ಲಕ್ಷದ ಕಾಮಾ. ರೂಪಾಯಿಗೆ 12,50,000 ಸರಿ. ಹೊರಗಿನವರಿಗೆ ಅದು ಟೈಪ್ ತಪ್ಪಾಗಿ ಕಾಣುತ್ತದೆ. ಅವರಿಗೆ 1,250,000 ಬೇಕು. ಡಾಲರ್ ಇನ್‌ವಾಯ್ಸಿನಲ್ಲಿ ಎಕ್ಸೆಲ್ ತಾನಾಗಿ ಲಕ್ಷದ ಕಾಮಾ ಹಾಕುತ್ತದೆಯಾ ನೋಡಿಕೊಳ್ಳಿ. ಕಂಪ್ಯೂಟರಿನ ರೀಜನ್ ಇಂಡಿಯಾ ಇದ್ದರೆ ಹಾಕುತ್ತದೆ.

ನಾನು ಮಾಡುವುದು ಇಷ್ಟು. ದೊಡ್ಡ ಮೊತ್ತವನ್ನು ಅಂಕಿಯಲ್ಲೂ ಬರೆದು, ಪಕ್ಕದಲ್ಲೇ ಅಕ್ಷರದಲ್ಲೂ ಬರೆಯುವುದು. ಚೆಕ್ಕಿನಲ್ಲಿ ಬರೆದ ಹಾಗೆ.

ಸುರತ್ಕಲ್ ಎಕ್ಸ್‌ಪ್ರೆಸ್

ಒಂದು ಡೌಟ್. ವಾಟ್ಸ್‌ಆ್ಯಪಲ್ಲಿ ನಾನು ‘ಓಕೆ’ ಆದ ಮೇಲೆ ಫುಲ್‌ಸ್ಟಾಪ್ ಹಾಕಿದರೆ ಫ್ರೆಂಡ್ಸ್ ಕೋಪ ಬಂತಾ ಎಂದು ಕೇಳುತ್ತಾರೆ. ಅದು ಯಾವ ಗ್ರಾಮರ್?

ಹಳೇ ಮೊಳೆ

ಅದು ನಿಮ್ಮ ಫ್ರೆಂಡ್ಸ್ ಗ್ರಾಮರ್. ನಮ್ಮ ಓಲೆಗರಿಯವರಿಗೆ ಒಂದು ದಂಡ, ಎರಡು ದಂಡ ಸಾಕಾಗಿತ್ತು. ಕಾಮಾ, ಪ್ರಶ್ನೆ ಚಿಹ್ನೆ ಎಲ್ಲ ಕನ್ನಡಕ್ಕೆ ಬಂದು ಕೂತದ್ದು ಅಚ್ಚಿನ ಪುಸ್ತಕದ ಜೊತೆ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಪ್ರೆಸ್ ಶುರುವಾದದ್ದು 1841ರಲ್ಲಿ. 1843ರಲ್ಲಿ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಟಿತು, ಕಲ್ಲಚ್ಚಿನಲ್ಲಿ. ಹೀಗೆ ಚಿಹ್ನೆಗಳೂ ಊರಿಂದ ಊರಿಗೆ ಬಂದವೇ. ನಿಮ್ಮವರು ಹೊಸದೊಂದು ಮಾಡಿಕೊಂಡರೆ ಮಾಡಿಕೊಳ್ಳಲಿ. ಕಸ್ಟಮ್ಸಿಗೆ ಮಾತ್ರ ಹಾಗೆ ಬರೆಯಬೇಡಿ.

ಬೀಜದ ಬುಟ್ಟಿ

ಎಲ್ಲರಿಗೂ ದೊಡ್ಡ ಉಪಕಾರ ಆಯಿತು. ಮೇಲ್ ಹೋಗಿರಲಿಲ್ಲ ಅಣ್ಣಾ, ದೇವರ ದಯೆ. ಆ ಎರಡು ಕಾಮಾ ಧಣಿಗಳಿಗೆ ತೋರಿಸಿದೆ. ಅವರೂ ಎರಡು ಸಲ ಓದಿದರು. ‘ಇದು ನನಗೂ ಗೊತ್ತಾಗ್ತಿರಲಿಲ್ಲ’ ಎಂದರು. ಆ ಕೆಂಪು ಕಾಮಾದ ಕಾಗದ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೆ, ಅದನ್ನು ಈಗ ತೆಗೆದೆ.

ಹೀಗೆ ಕಳಿಸಿದೆ: ‘ಡಿಯರ್ ಸರ್, ವಿ ಹ್ಯಾವ್ ರಿಸೀವ್ಡ್ ಯುವರ್ ಮೇಲ್. ದ ಸರ್ವೇ ರಿಪೋರ್ಟ್ ಈಸ್ ಕ್ಲಿಯರ್. ದ 12 ಕಾರ್ಟನ್ಸ್ ದಟ್ ಆರ್ ಡ್ಯಾಮೇಜ್ಡ್ ವಿಲ್ ಬಿ ರಿಪ್ಲೇಸ್ಡ್. ಪ್ಲೀಸ್ ಲೆಟ್ ಅಸ್ ನೋ ವೆನ್ ಯುವರ್ ಸರ್ವೇಯರ್ ವಿಲ್ ಕಮ್ ಅಗೇನ್.’ ಹನ್ನೆರಡು ಎಂದು ನಂಬರ್ ನಾನೇ ಸೇರಿಸಿದ್ದು. ಸರಿ ಉಂಟಲ್ಲ?

ಹಳೇ ಮೊಳೆ

ನನ್ನ ತಿದ್ದುಪಡಿಗಿಂತ ನಿಮ್ಮ ಹನ್ನೆರಡೇ ಜಾಸ್ತಿ ಕೆಲಸ ಮಾಡಿತು ತಂಗೀ. ನಂಬರ್ ಬಂದ ಮೇಲೆ ಅಲ್ಲಿ ಯಾರಾದರೂ ಕಾಮಾ ಹಾಕಿದರೂ 700 ಬದಲಾಯಿಸುವ ಗತಿ ಬರುವುದಿಲ್ಲ. ಆ ಹಳೇ ಮೇಲನ್ನೂ ಹಾಗೆಯೇ ನೋಡಿ. ‘ನೋ’ ಆದ ಮೇಲೆ ಕಾಮಾ ಹಾಕಬೇಕಿತ್ತು, ಅದು ಸರಿಯೇ. ಆದರೆ ಮಳೆಗಾಲದಲ್ಲಿ, ಫೋನಿನ ಸಣ್ಣ ಪರದೆಯಲ್ಲಿ, ಗೋಡೌನಿನ ಬಾಗಿಲಲ್ಲಿ ನಿಂತು ಓದುವವನ ಕಣ್ಣಿಗೆ ಆ ಕಾಮಾ ಬೀಳುತ್ತದೆ ಎಂದು ಯಾರು ಹೇಳಿದ್ದು? ಪ್ರೂಫ್ ನೋಡುವವನಿಗೇ ಬೀಳದೆ ಹೋಗುತ್ತದೆ. ಇಡೀ ಕಂಟೇನರಿನ ಭಾರವನ್ನು ಅಷ್ಟು ಸಣ್ಣ ಕೊಕ್ಕೆಗೆ ನೇತು ಹಾಕಬೇಡಿ. ‘ನೋ’ ಶಬ್ದವನ್ನೇ ಬಿಟ್ಟುಬಿಡಿ.

ಬೀಜದ ಬುಟ್ಟಿ

ಶನಿವಾರದ ಸುದ್ದಿ ಹೇಳಲು ಬಂದೆ. ಇವತ್ತು ಇನ್ನೊಂದು ಲೋಡಿಂಗ್ ಇತ್ತು. ಮತ್ತೆ ಎರಡು ಪೆಟ್ಟಿಗೆ ಕಮ್ಮಿ! ಅದೇ ಏಜೆಂಟ್, ಅದೇ ಪ್ರಶ್ನೆ, ‘ಈಸ್ ದ ಕೌಂಟ್ ಓಕೆ?’ ನಾನು ಬರೆದೆ: ‘698 ಕಾರ್ಟನ್ಸ್ ಲೋಡೆಡ್. 2 ಆರ್ ಮಿಸ್ಸಿಂಗ್. ಡೂ ನಾಟ್ ಸೀಲ್.’ ಮೂರು ಫುಲ್‌ಸ್ಟಾಪ್, ಕಾಮಾ ಸೊನ್ನೆ. ಅರ್ಧ ಗಂಟೆಯಲ್ಲಿ ಎರಡು ಪೆಟ್ಟಿಗೆ ಇನ್ನೊಂದು ರಾಶಿಯ ಹಿಂದೆ ಸಿಕ್ಕಿತು.

ಏಜೆಂಟ್ ಕೊಟ್ಟ ಉತ್ತರ ಹೀಗಿತ್ತು: ‘ಓಕೆ ಮ್ಯಾಡಂ.........’

ಒಂಬತ್ತು ಚುಕ್ಕಿ. ಎಣಿಸಿದೆ. ಇದಕ್ಕೆ ಎಂತ ಅರ್ಥ ಮಾರಾಯ್ರೆ?

ಹಳೇ ಮೊಳೆ

ಅವರಲ್ಲಿ ಮೊಳೆ ಜಾಸ್ತಿ ಉಂಟು.